ಮೇಲಿನವರಿಗೆ ಎದುರು ಹೇಳುವ ಮುನ್ನ: ಬೆಂಗಳೂರಿನ ನೌಕರರು ಪದೇ ಪದೇ ಕೇಳುವ ಪ್ರಶ್ನೆಗಳು

ಪೀಣ್ಯದ ಕಾರ್ಖಾನೆಯವರು, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ವೈಟ್‌ಫೀಲ್ಡ್‌ನ ಸಾಫ್ಟ್‌ವೇರ್ ನೌಕರರು, ಖಾಸಗಿ ಶಾಲೆಯ ಶಿಕ್ಷಕಿಯರು, ಆಸ್ಪತ್ರೆಯ ನರ್ಸ್‌ಗಳು ಮಾತಿಗೆ ಸಿಕ್ಕಾಗ, ಪತ್ರ ಬರೆದಾಗ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಆದಷ್ಟೂ ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು, ತೊಡಕಿನವು ಆಮೇಲೆ. ಧೈರ್ಯವಿರುವ ಜನ ಎಚ್ಚರ ತಪ್ಪಿ ಕೆಲಸ ಕಳೆದುಕೊಳ್ಳುವುದನ್ನು ನೋಡಿ ನೋಡಿ ಸಂಕಟವಾಗಿ ಇದನ್ನು ಬರೆಯಲು ಕುಳಿತೆ.

## ಮೊದಲು ಬರುವ ಪ್ರಶ್ನೆಗಳು

ನಾನು ಹೇಳುತ್ತಿರುವುದು ನಿಜ. ನಿಜ ಹೇಳಿದರೂ ಕೆಲಸ ಹೋಗುತ್ತದೆಯೇ?

ಹೋಗುವುದುಂಟು. ಮಾತು ನಿಜವಾಗಿದ್ದರೆ ಕ್ಷೇಮ ಎಂದು ಬಹಳ ಜನ ನಂಬಿರುತ್ತಾರೆ. ಏಟು ತಿನ್ನುವುದು ಅಲ್ಲೇ. ಅಪಾಯವನ್ನು ಅಳೆಯಬೇಕಾದದ್ದು ಆ ಮಾತಿನಿಂದ ಕೇಳಿದವರಿಗೆ ಆಗುವ ನಷ್ಟದಿಂದ. ಕ್ಯಾಂಟೀನಿನ ಸಾಂಬಾರು ಹಳಸಿದೆ ಎಂದರೆ ನಿಮ್ಮ ಮ್ಯಾನೇಜರಿಗೆ ಕಳೆದುಕೊಳ್ಳುವುದೇನೂ ಇಲ್ಲ. ಅದನ್ನು ಸರಿಪಡಿಸಿ ಅವರು ಒಳ್ಳೆಯ ಹೆಸರನ್ನೂ ಪಡೆಯಬಹುದು. ಮಾರ್ಚ್ ಕೊನೆಯೊಳಗೆ ಈ ಕೆಲಸ ಮುಗಿಯುವುದಿಲ್ಲ ಎಂದರೆ ಅವರು ಮೇಲಿನವರಿಗೆ ಕೊಟ್ಟ ಮಾತು ಮುರಿಯುತ್ತದೆ. ಓವರ್‌ಟೈಮ್ ರಿಜಿಸ್ಟರಿನಲ್ಲಿ ಗಂಟೆಗಳನ್ನು ಕಡಿಮೆ ಬರೆಯುತ್ತಿದ್ದಾರೆ ಎಂದರೆ ಯಾರದೋ ಕೆಲಸವೇ ಹೋಗಬಹುದು. ಮೂರೂ ಮಾತು ನಿಜ. ಮೂರರ ಬೆಲೆ ಬೇರೆ ಬೇರೆ.

ಆದ್ದರಿಂದ ಹೇಳುವ ಮುನ್ನ ಕೇಳಿಕೊಳ್ಳಿ: ಇದರಿಂದ ಯಾರ ಹೆಸರಿಗೆ ಮಸಿ ಬಳಿದಂತಾಗುತ್ತದೆ? ಆ ವ್ಯಕ್ತಿಯ ಬಳಿಯೇ ಹೋಗುತ್ತಿದ್ದೀರಾ, ಅವರಿಗಿಂತ ಮೇಲಿನವರ ಬಳಿಯೋ? ಇನ್ನು ನಿಮ್ಮ ಕಡೆಯ ಲೆಕ್ಕ. ಪ್ರೊಬೇಷನ್‌ನಲ್ಲಿರುವವರು, ಗುತ್ತಿಗೆ ನೌಕರರು, ಮನೆಯಲ್ಲಿ ಒಬ್ಬರೇ ದುಡಿಯುವವರು ಒಂದೇ ಮಾತಿಗೆ ಉಳಿದವರಿಗಿಂತ ಹೆಚ್ಚಿನ ದಂಡ ತೆರುತ್ತಾರೆ. ಮೂರು ತಿಂಗಳ ಬಾಡಿಗೆ ಮತ್ತು ಕಂತು ಕೈಯಲ್ಲಿದ್ದರೆ ಮಾತನಾಡುವ ದನಿಯೇ ಬೇರೆಯಾಗುತ್ತದೆ. ಇದನ್ನು ಹಣದ ಸಲಹೆಯೆಂದು ತಳ್ಳಿಹಾಕಬೇಡಿ.

ಕೆಲಸದಿಂದ ತೆಗೆಯುವುದನ್ನು ಬಿಟ್ಟರೆ ಬೇರೇನು ತಾನೆ ಮಾಡಿಬಿಡುತ್ತಾರೆ?

ತೆಗೆಯುವುದು ಕಡಿಮೆ. ಹೆಚ್ಚಾಗಿ ನಡೆಯುವುದು ಮೂಲೆಗುಂಪು ಮಾಡುವುದು. ನಿಮ್ಮನ್ನು ಸಭೆಗೆ ಕರೆಯುವುದು ನಿಲ್ಲುತ್ತದೆ. ಗ್ರಾಹಕರೊಡನೆ ನೇರವಾಗಿ ಮಾತನಾಡುತ್ತಿದ್ದ ಕೆಲಸ ಇನ್ನೊಬ್ಬರ ಪಾಲಾಗುತ್ತದೆ. ಅಪ್ರೈಸಲ್‌ನಲ್ಲಿ ರೇಟಿಂಗ್ ಒಂದು ಮೆಟ್ಟಿಲು ಇಳಿಯುತ್ತದೆ, ಕಾರಣ ಕೇಳಿದರೆ "ನಿಮ್ಮ ವರ್ತನೆ" ಎಂಬ ಉತ್ತರ ಬರುತ್ತದೆ. ಸಾಫ್ಟ್‌ವೇರ್ ಕಂಪನಿಯಲ್ಲಿ ಬೆಂಚಿಗೆ ಕಳಿಸುತ್ತಾರೆ, ಅಂದರೆ ಯಾವ ಪ್ರಾಜೆಕ್ಟೂ ಕೊಡದೆ ಸುಮ್ಮನೆ ಕೂರಿಸುತ್ತಾರೆ. ಗಾರ್ಮೆಂಟ್ಸ್ ಫ್ಲೋರ್‌ನಲ್ಲಿ ಸಲೀಸಾಗಿ ಕಾಲರ್ ಹೊಲಿಯುತ್ತಿದ್ದವರನ್ನು ಕೈ ಪಳಗದ ಬೇರೆ ಆಪರೇಷನ್‌ಗೆ ಕೂರಿಸುತ್ತಾರೆ; ಟಾರ್ಗೆಟ್ ಮುಟ್ಟುವುದಿಲ್ಲ, ಎಲ್ಲರೆದುರು ಬೈಗುಳ ಶುರುವಾಗುತ್ತದೆ. ಆಸ್ಪತ್ರೆಯಲ್ಲಿ ಸಾಲಾಗಿ ರಾತ್ರಿ ಪಾಳಿ. ಶಾಲೆಯಲ್ಲಾದರೆ ಹತ್ತನೇ ತರಗತಿ ತಪ್ಪಿಸಿ ಬದಲಿ ಪೀರಿಯಡ್‌ಗಳನ್ನು ತುಂಬುತ್ತಾರೆ.

ಇದರ ಕ್ರೌರ್ಯ ಇರುವುದು ಇಲ್ಲಿ: ಒಂದೊಂದನ್ನೇ ಬಿಡಿಸಿ ನೋಡಿದರೆ ಎಲ್ಲವೂ ಆಡಳಿತದ ಅಧಿಕಾರದೊಳಗೇ ಇರುತ್ತದೆ. ಪಾಳಿ ಹಾಕುವುದು ಅವರ ಹಕ್ಕು, ತಂಡ ಬದಲಿಸುವುದೂ ಅವರ ಹಕ್ಕು. ಎಲ್ಲವನ್ನೂ ದಿನಾಂಕದ ಸಮೇತ ಒಂದು ಹಾಳೆಯ ಮೇಲೆ ಬರೆದಾಗ ಮಾತ್ರ ಸೇಡು ಕಣ್ಣಿಗೆ ಬೀಳುತ್ತದೆ. ಆ ಹಾಳೆಯನ್ನು ದೂರು ಕೊಡುವ ಮೊದಲೇ ಆರಂಭಿಸಿರಬೇಕು. ನಿಮ್ಮ ಕೆಲಸ ಅದಕ್ಕೂ ಮುಂಚೆ ಹೇಗಿತ್ತು ಎಂದು ತೋರಿಸಲಾಗದಿದ್ದರೆ, ಆಮೇಲೆ ಕೆಟ್ಟಿತು ಎನ್ನುವುದನ್ನೂ ತೋರಿಸಲಾಗದು.

ಹಾಗಾದರೆ ಬಾಯಿ ಮುಚ್ಚಿಕೊಂಡಿದ್ದರೆ ಕ್ಷೇಮವಲ್ಲವೇ?

ಕೆಲವೊಮ್ಮೆ ಹೌದು. ಮಗುವಿನ ಶಾಲಾ ಶುಲ್ಕ ಕಟ್ಟುವ ತಿಂಗಳಲ್ಲಿ ಮೌನವಾಗಿದ್ದವರನ್ನು ಹೇಡಿ ಎನ್ನುವ ಹಕ್ಕು ಯಾರಿಗೂ ಇಲ್ಲ. ಆದರೆ ಮೌನಕ್ಕೂ ಬೆಲೆಯಿದೆ. ಪರೀಕ್ಷೆ ಮಾಡದ ಬಿಡಿಭಾಗಕ್ಕೆ "ಪರೀಕ್ಷಿಸಲಾಗಿದೆ" ಎಂದು ಸಹಿ ಹಾಕಿಸಿಕೊಂಡಿದ್ದರೆ, ತನಿಖೆ ಬಂದ ದಿನ ಕಾಗದದಲ್ಲಿ ಕಾಣುವುದು ನಿಮ್ಮ ಸಹಿ. ಹಾಕಿ ಎಂದವರ ಮಾತು ಗಾಳಿಯಲ್ಲಿ ಹೋಗಿರುತ್ತದೆ. ನಿಮ್ಮ ಹೆಸರು, ಸಹಿ, ಲಾಗಿನ್ ಬಳಕೆಯಾಗುತ್ತಿರುವ ಕಡೆ ಸುಮ್ಮನಿರುವುದು ಹೇಳುವುದಕ್ಕಿಂತ ಅಪಾಯ.

ಗುಂಪಿನ ಮೌನ ಒಡೆದಾಗ ಏನಾಗುತ್ತದೆ ಎಂಬುದನ್ನು ಬೆಂಗಳೂರಿನ ಪಕ್ಕದಲ್ಲೇ ಕಂಡಿದ್ದೇವೆ. 2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ನರಸಾಪುರದ ವಿಸ್ಟ್ರಾನ್ ಐಫೋನ್ ಕಾರ್ಖಾನೆಯಲ್ಲಿ ಸಂಬಳದ ಅಸಮಾಧಾನ ಹಿಂಸೆಗೆ ತಿರುಗಿತು. ನೂರಕ್ಕೂ ಹೆಚ್ಚು ಜನರ ಬಂಧನವಾಯಿತು. ಕೆಲವರಿಗೆ ಸಂಬಳ ಸರಿಯಾಗಿ, ಸಮಯಕ್ಕೆ ಸಿಕ್ಕಿರಲಿಲ್ಲ ಎಂದು ಕಂಪನಿ ಆಮೇಲೆ ಒಪ್ಪಿಕೊಂಡು ಕ್ಷಮೆ ಕೇಳಿತು, ಉಪಾಧ್ಯಕ್ಷರೊಬ್ಬರನ್ನು ತೆಗೆಯಿತು. ಆ್ಯಪಲ್ ಅದಕ್ಕೆ ಹೊಸ ಕೆಲಸ ಕೊಡುವುದನ್ನು ತಡೆಹಿಡಿಯಿತು. ದೂರಿನಲ್ಲಿ ಹುರುಳಿತ್ತು. ಅದಕ್ಕೆ ಸಮಯದಲ್ಲಿ ಕಿವಿ ಸಿಗಲಿಲ್ಲ. ಜೈಲು ಕಂಡವರು ಮಾತ್ರ ಕೆಳಗಿನ ಹುಡುಗರು.

ಎಚ್‌ಆರ್‌ನವರು ನಮ್ಮ ಕಡೆಯವರೇ?

ಅವರು ಕಂಪನಿಯ ಕಡೆಯವರು. ಕಂಪನಿಗೆ ಕಾನೂನಿನ ತೊಂದರೆ ಬರುವಂಥ ವಿಷಯವಾದರೆ ನಿಮ್ಮ ಹಿತವೂ ಅವರ ಹಿತವೂ ಸ್ವಲ್ಪ ದೂರ ಜೊತೆಯಲ್ಲಿ ನಡೆಯುತ್ತವೆ. "ನನಗೆ ನೋವಾಗಿದೆ" ಎನ್ನುವುದರ ಜೊತೆಗೆ "ಇದು ಇಂಥ ನಿಯಮಕ್ಕೆ ವಿರುದ್ಧವಾಗಿದೆ" ಎಂದೂ ಹೇಳಿದಾಗ ಅವರು ಎದ್ದು ಕೂರುತ್ತಾರೆ. "ಇದು ನಮ್ಮಿಬ್ಬರ ನಡುವೆ ಇರಲಿ" ಎಂಬ ಭರವಸೆಯನ್ನು ನೆಚ್ಚಬೇಡಿ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರೂ, ವಿಚಾರಣೆ ನಡೆಸಬೇಕಾದರೆ ಅದನ್ನು ಉಳಿಸಿಕೊಳ್ಳಲು ಅವರಿಂದ ಆಗುವುದಿಲ್ಲ.

## ಹೇಳುವ ಬಗೆ

ಬಾಯಲ್ಲಿ ಹೇಳುವುದೋ, ಮೇಲ್ ಬರೆಯುವುದೋ?

ಎರಡೂ, ಅದೇ ಕ್ರಮದಲ್ಲಿ. ಮುನ್ಸೂಚನೆಯಿಲ್ಲದೆ ಬಂದ ಮೇಲ್ ಯುದ್ಧ ಸಾರಿದ ಹಾಗೆ ಕಾಣುತ್ತದೆ. ಬರೀ ಬಾಯಲ್ಲಿ ಹೇಳಿದ್ದಕ್ಕೆ ಸಾಕ್ಷಿಯಿಲ್ಲ. ಮೊದಲು ಒಬ್ಬರೇ ಹೋಗಿ ಬಾಗಿಲು ಮುಚ್ಚಿ ಮಾತನಾಡಿ. ಅದೇ ದಿನ ಸಂಜೆಯೊಳಗೆ ನಾಲ್ಕು ಸಾಲು ಬರೆಯಿರಿ. "ಇಂದು ಬೆಳಿಗ್ಗೆ ಮಾತನಾಡಿದಂತೆ, ಎರಡನೇ ಬಾಯ್ಲರಿನ ಸುರಕ್ಷಾ ವಾಲ್ವ್ ಕಳೆದ ಸೋಮವಾರದಿಂದ ಸೋರುತ್ತಿದೆ. ದುರಸ್ತಿ ಆಗುವವರೆಗೆ ಅದನ್ನು ನಿಲ್ಲಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಶುಕ್ರವಾರದೊಳಗೆ ತಿಳಿಸುವುದಾಗಿ ತಾವು ಹೇಳಿದಿರಿ. ವಂದನೆಗಳು." ಇಷ್ಟು ಸಾಕು. ಇದರಲ್ಲಿ "ಬೇಜವಾಬ್ದಾರಿ" ಎಂಬ ಪದವಿಲ್ಲ, ಯಾರ ಉದ್ದೇಶದ ಬಗ್ಗೆಯೂ ಊಹೆಯಿಲ್ಲ. ಏನಾಯಿತು, ಯಾವಾಗ, ಏನಾಗಬೇಕು ಎಂಬುದಷ್ಟೇ ಇದೆ. ಎರಡು ವರ್ಷದ ನಂತರ ಮೂರನೆಯವರೊಬ್ಬರು ಇದನ್ನು ಓದುತ್ತಾರೆ ಎಂದುಕೊಂಡು ಬರೆಯಿರಿ.

ಇಂಗ್ಲಿಷ್ ಬಾರದೆಂದು ಬರೆಯದೆ ಉಳಿಯುವವರು ಬಹಳ, ಅದರಲ್ಲೂ ಕಾರ್ಖಾನೆಗಳಲ್ಲಿ. ಕನ್ನಡದಲ್ಲಿ ಬರೆದು ಕೊಡಿ, ನಕಲಿನ ಮೇಲೆ ತಲುಪಿದ ಸಹಿ ಹಾಕಿಸಿಕೊಳ್ಳಿ. ಸಹಿ ಹಾಕಲು ಒಪ್ಪದಿದ್ದರೆ ಅಂಚೆ ಕಚೇರಿಯಿಂದ ಕಳಿಸಿ ರಸೀದಿ ಇಟ್ಟುಕೊಳ್ಳಿ. ಕನ್ನಡದ ದೂರು ದೂರೇ.

ಎಲ್ಲ ನೌಕರರನ್ನೂ ಸೇರಿಸುವ ಟೌನ್‌ಹಾಲ್ ಸಭೆಯಲ್ಲಿ "ಮನಸ್ಸು ಬಿಚ್ಚಿ ಮಾತನಾಡಿ" ಎನ್ನುತ್ತಾರೆ. ಮಾತನಾಡಬಹುದೇ?

ಪ್ರಶ್ನೆ ಕೇಳಬಹುದು, ಆರೋಪ ಮಾಡಬೇಡಿ. ಇನ್ನೂರು ಜನರ ಎದುರು ಮುಖಭಂಗವಾದವರು ವಿಷಯವನ್ನು ಮರೆತರೂ ಕೇಳಿದವರ ಹೆಸರನ್ನು ಮರೆಯುವುದಿಲ್ಲ. ವೇದಿಕೆಯ ಮೇಲಿರುವ ದೊಡ್ಡವರು ನಿಮ್ಮನ್ನು ಮೆಚ್ಚಿಯೇ ಹೋಗಬಹುದು. ಮರುದಿನ ನಿಮ್ಮ ರಜೆ ಮಂಜೂರು ಮಾಡಬೇಕಾದವರು ಮಾತ್ರ ಅವರಲ್ಲ.

ಹೆಸರಿಲ್ಲದೆ ಬರೆದರೆ ಆಗದೇ?

ಆಗುತ್ತದೆ, ಆದರೆ ಹೆಸರು ಬಚ್ಚಿಡುವುದು ಅಂದುಕೊಂಡಷ್ಟು ಸುಲಭವಲ್ಲ. ಐದು ಜನರ ತಂಡದಲ್ಲಿ "ಗೋಪ್ಯ ಸಮೀಕ್ಷೆ"ಗೆ ಬರೆದ ಉದ್ದದ ಉತ್ತರ ಯಾರದೆಂದು ಮ್ಯಾನೇಜರಿಗೆ ಎರಡನೇ ಸಾಲಿಗೇ ಗೊತ್ತಾಗುತ್ತದೆ: ನಿಮ್ಮ ವಾಕ್ಯದ ಧಾಟಿ, ನೀವು ಮಾತ್ರ ಕಂಡಿರಬಹುದಾದ ವಿವರ, ನೀವು ಸಭೆಯಲ್ಲಿ ಹಿಂದೆ ಆಡಿದ ಮಾತು ಎಲ್ಲವೂ ಬೆರಳು ತೋರಿಸುತ್ತವೆ. ಕಚೇರಿಯ ಲ್ಯಾಪ್‌ಟಾಪ್‌ನಿಂದ, ಕಚೇರಿಯ ವೈಫೈನಿಂದ ಬರೆದರೆ ಹುಡುಕುವ ಕಷ್ಟವೂ ಇಲ್ಲ.

ಹೆಸರಿಲ್ಲದ ಪತ್ರಕ್ಕೆ ಇನ್ನೊಂದು ಮಿತಿಯಿದೆ. 2019ರಲ್ಲಿ "ನೈತಿಕ ನೌಕರರು" ಎಂಬ ಅರ್ಥದ ಸಹಿಯೊಂದಿಗೆ ಇನ್ಫೋಸಿಸ್ ಮೇಲಧಿಕಾರಿಗಳ ವಿರುದ್ಧ ಪತ್ರ ಹೋಯಿತು. ಅಕ್ಟೋಬರ್‌ನಲ್ಲಿ ವಿಷಯ ಹೊರಬಿದ್ದಾಗ ಷೇರಿನ ಬೆಲೆ ಒಂದೇ ದಿನ ಸುಮಾರು ಶೇ 16ರಷ್ಟು ಕುಸಿಯಿತು. ಲೆಕ್ಕಪರಿಶೋಧನಾ ಸಮಿತಿ ಹೊರಗಿನ ವಕೀಲರ ಸಂಸ್ಥೆಯ ನೆರವಿನಿಂದ ತನಿಖೆ ನಡೆಸಿ, 2020ರ ಜನವರಿಯಲ್ಲಿ ಆರೋಪಗಳಿಗೆ ಪುರಾವೆಯಿಲ್ಲ ಎಂದಿತು. ಹೆಸರಿಲ್ಲದ ಪತ್ರವನ್ನೂ ಓದುತ್ತಾರೆ ಎಂಬುದು ಇದರಿಂದ ಸ್ಪಷ್ಟ. ಆದರೆ ತನಿಖೆ ಮಾಡುವವರಿಗೆ ಇನ್ನೊಂದು ಪ್ರಶ್ನೆ ಕೇಳಬೇಕಾದಾಗ ಎದುರಿಗೆ ಯಾರೂ ಇರುವುದಿಲ್ಲ. ಹಾಗಾಗಿ ಹೆಸರು ಬಿಡುವುದಾದರೆ ಕಾಗದದ ಸಂಖ್ಯೆ, ದಿನಾಂಕ, ಮೊತ್ತ ಎಲ್ಲವನ್ನೂ ಮೊದಲ ಪತ್ರದಲ್ಲೇ ಕೊಡಿ. "ಎಲ್ಲರಿಗೂ ಗೊತ್ತಿರುವ ವಿಷಯ" ಎಂದು ಬರೆದ ಪತ್ರ ಕಸದ ಬುಟ್ಟಿಗೆ ಹೋಗುತ್ತದೆ.

ನಾಲ್ಕು ಜನ ಸೇರಿ ಹೋದರೆ "ಗುಂಪು ಕಟ್ಟುತ್ತಿದ್ದಾನೆ" ಎನ್ನುತ್ತಾರಲ್ಲ?

ಎನ್ನುತ್ತಾರೆ. ಆದರೂ ನಾನು ಎಲ್ಲರಿಗೂ ಹೇಳುವುದು ಇದನ್ನೇ: ಸಂಬಳ, ಕೆಲಸದ ಅವಧಿ, ಸುರಕ್ಷತೆಯಂಥ ಎಲ್ಲರ ವಿಷಯಕ್ಕೆ ಒಬ್ಬರೇ ಹೋಗಬೇಡಿ. ಒಬ್ಬರನ್ನು "ಸಮಸ್ಯೆಯ ಮನುಷ್ಯ" ಎಂದು ಕರೆಯುವುದು ಸುಲಭ, ಹನ್ನೊಂದು ಜನರನ್ನು ಹಾಗೆ ಕರೆಯುವುದು ಕಷ್ಟ. 2016ರ ಏಪ್ರಿಲ್‌ನಲ್ಲಿ ಭವಿಷ್ಯ ನಿಧಿ ಹಿಂತೆಗೆತಕ್ಕೆ ಕೇಂದ್ರ ಸರ್ಕಾರ ಹಾಕಿದ್ದ ಹೊಸ ನಿರ್ಬಂಧದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಮಿಕರು, ಬಹುತೇಕ ಹೆಂಗಸರು, ಸಾವಿರಾರು ಸಂಖ್ಯೆಯಲ್ಲಿ ಹೊಸೂರು ರಸ್ತೆಗೆ ಇಳಿದರು. ಎರಡೇ ದಿನದಲ್ಲಿ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಅವರಲ್ಲಿ ಒಬ್ಬೊಬ್ಬರೇ ಫ್ಲೋರ್ ಇನ್‌ಚಾರ್ಜ್ ಎದುರು ಅದನ್ನೇ ಹೇಳಿದ್ದರೆ ಏನಾಗುತ್ತಿತ್ತು ಎಂಬುದು ಆ ಫ್ಲೋರ್‌ನಲ್ಲಿ ಕೆಲಸ ಮಾಡಿದವರಿಗೆ ಗೊತ್ತು. ಸಾಫ್ಟ್‌ವೇರ್ ನೌಕರರಿಗೂ 2017ರಿಂದ ಕರ್ನಾಟಕದಲ್ಲಿ ತಮ್ಮದೇ ಸಂಘವಿದೆ. ಕಿಟು ಎಂದು ಕರೆಯುತ್ತಾರೆ.

ಸಂಘ ಕಟ್ಟುವುದು ಸಂವಿಧಾನದ 19ನೇ ವಿಧಿ ಕೊಟ್ಟ ಹಕ್ಕು, ಸಂಘ ಸೇರಿದ್ದಕ್ಕೆ ಶಿಕ್ಷಿಸುವುದು ಕಾರ್ಮಿಕ ಕಾನೂನಿನಲ್ಲಿ ಅನುಚಿತ ಕ್ರಮ. ಹೋಗುವಾಗ ಒಂದೇ ಪತ್ರಕ್ಕೆ ಎಲ್ಲರೂ ಸಹಿ ಹಾಕಿ. ಸಹಿಗಳನ್ನು ವೃತ್ತಾಕಾರದಲ್ಲಿ ಹಾಕಿದರೆ ಮೊದಲನೆಯವರು ಯಾರೆಂಬ ಪ್ರಶ್ನೆಯೇ ಏಳುವುದಿಲ್ಲ. ಮಾತನಾಡುವವರನ್ನೂ ಪ್ರತಿ ಬಾರಿ ಬದಲಿಸಿ. ಬಾಯಿ ಚುರುಕಾಗಿರುವ ಒಬ್ಬ ಹುಡುಗನನ್ನೇ ಸದಾ ಮುಂದೆ ತಳ್ಳಿ ಉಳಿದವರು ಹಿಂದೆ ನಿಲ್ಲುವುದು ಅನ್ಯಾಯ.

ಮಾತುಕತೆಯನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಲೇ? ಮೇಲ್‌ಗಳನ್ನು ನನ್ನ ಜಿಮೇಲ್‌ಗೆ ಕಳಿಸಿಕೊಳ್ಳಲೇ?

ಎರಡನೆಯದನ್ನು ಮಾಡಲೇಬೇಡಿ. ಕಂಪನಿಯ ಮೇಲ್, ಗ್ರಾಹಕರ ಕಡತ, ಕೋಡ್ ಯಾವುದನ್ನೇ ಸ್ವಂತ ಖಾತೆಗೆ ಕಳಿಸಿದರೂ ದತ್ತಾಂಶ ಕಳವಿನ ಆರೋಪ ಸಿದ್ಧವಾಗುತ್ತದೆ. ನಿಮ್ಮ ದೂರು ಮೂಲೆ ಸೇರಿ, ವಿಚಾರಣೆ ನಿಮ್ಮ ಮೇಲೆಯೇ ತಿರುಗುತ್ತದೆ. ಕಂಪನಿಗೆ ಇದಕ್ಕಿಂತ ಸುಲಭದ ದಾರಿ ಬೇಡ.

ರೆಕಾರ್ಡಿಂಗ್ ವಿಷಯ ಬೂದು ಬಣ್ಣದ್ದು. ನೀವೇ ಪಾಲ್ಗೊಂಡ ಮಾತುಕತೆಯ ಧ್ವನಿಮುದ್ರಣವನ್ನು ನ್ಯಾಯಾಲಯಗಳು ಪರಿಗಣಿಸಿದ್ದುಂಟು; 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಕೇಳುವ ಪ್ರಮಾಣಪತ್ರ ಜೊತೆಗಿರಬೇಕು. ಆದರೆ ಕಂಪನಿಯ ನಿಯಮಾವಳಿ ಅದನ್ನು ನಿಷೇಧಿಸಿದ್ದರೆ ಅದೇ ದುರ್ನಡತೆಯಾಗುತ್ತದೆ. ಬೆದರಿಕೆಯಂಥ ಸಂದರ್ಭ ಬಿಟ್ಟರೆ ನನ್ನ ಆಯ್ಕೆ ಹಳೆಯ ಡೈರಿಯೇ: ದಿನ, ಹೊತ್ತು, ಯಾರಿದ್ದರು, ಯಾವ ಮಾತು ಎಂಬುದನ್ನು ಸ್ವಂತ ಪುಸ್ತಕದಲ್ಲಿ ಆ ದಿನವೇ ಬರೆದಿಡುವುದು. ನೇಮಕಾತಿ ಪತ್ರ, ಸಂಬಳ ಚೀಟಿ, ಅಪ್ರೈಸಲ್ ಪತ್ರ ಇವು ನಿಮ್ಮವೇ. ಇವುಗಳ ಪ್ರತಿ ಮನೆಯಲ್ಲಿರಲಿ.

## ಹೇಳಿಯಾದ ಮೇಲೆ

ದೂರು ಕೊಟ್ಟ ಎರಡೇ ತಿಂಗಳಿಗೆ ಪಿಐಪಿ (ಕೆಲಸ ಸುಧಾರಣೆಯ ಯೋಜನೆ) ಹಾಕಿದರು. ಇದು ಸೇಡಲ್ಲವೇ?

ಇರಬಹುದು. ಆದರೆ "ಸೇಡು" ಎಂಬ ಪದವನ್ನು ಮೊದಲ ಉತ್ತರದಲ್ಲೇ ಬಳಸಬೇಡಿ. ಕೆಲಸದ ಸುಧಾರಣೆಗೆ ಎಂದು ಕೊಡುವ ಆ ಯೋಜನೆಯ ಕಾಗದವನ್ನು ಕೇಳಿ ಪಡೆಯಿರಿ. ಅದರಲ್ಲಿ ಅಳತೆ ಇದೆಯೇ ಎಂದು ನೋಡಿ. "ತಂಡದೊಡನೆ ಹೊಂದಾಣಿಕೆ ಸುಧಾರಿಸಬೇಕು" ಎಂಬುದಕ್ಕೆ ಅಳತೆಯಿಲ್ಲ. ಯಾವ ಕೆಲಸ, ಯಾವ ದಿನದೊಳಗೆ, ಯಾರು ಪರಿಶೀಲಿಸುತ್ತಾರೆ ಎಂದು ವಿನಯದಿಂದ ಬರೆದು ಕೇಳಿ. ಸಹಿ ಹಾಕಬೇಕಾದರೆ "ಸ್ವೀಕರಿಸಿದ್ದೇನೆ, ಒಪ್ಪಿಗೆಯಿಲ್ಲ" ಎಂದು ಬರೆದು ಹಾಕಿ. ಹಿಂದಿನ ವರ್ಷಗಳ ರೇಟಿಂಗ್, ದೂರಿನ ದಿನಾಂಕ, ಪಿಐಪಿಯ ದಿನಾಂಕ ಈ ಮೂರನ್ನು ಅಕ್ಕಪಕ್ಕ ಇಟ್ಟು ಒಂದು ಪತ್ರ ಬರೆಯಿರಿ, ತೀರ್ಪು ಕೊಡಬೇಡಿ. ಜೊತೆಗೆ ಸಂಜೆ ಮನೆಗೆ ಬಂದು ಬೇರೆ ಕೆಲಸ ಹುಡುಕಲು ಆರಂಭಿಸಿ. ಇದು ಸೋಲೊಪ್ಪುವುದಲ್ಲ. ಕೈಯಲ್ಲಿ ಇನ್ನೊಂದು ಕೆಲಸದ ಪತ್ರವಿದ್ದವರ ಜೊತೆ ಆಡಳಿತ ಮಾತನಾಡುವ ಧಾಟಿಯೇ ಬೇರೆ.

"ನೀವೇ ರಾಜೀನಾಮೆ ಕೊಡಿ, ಇಲ್ಲವಾದರೆ ಟರ್ಮಿನೇಟ್ ಮಾಡುತ್ತೇವೆ" ಎಂದು ಕೋಣೆಯಲ್ಲಿ ಕೂರಿಸಿದರೆ?

ಈ ಪ್ರಶ್ನೆ ಕೇಳುವವರ ದನಿ ನಡುಗುತ್ತಿರುತ್ತದೆ, ಹೆಚ್ಚಿನವರು ಸಹಿ ಹಾಕಿದ ಮೇಲೆಯೇ ಕೇಳುತ್ತಾರೆ. ಆ ಕೋಣೆಯಲ್ಲಿ ನಿಮ್ಮೆದುರು ಎಚ್‌ಆರ್, ಮ್ಯಾನೇಜರ್, ಕೆಲವೊಮ್ಮೆ ವಕೀಲರೂ ಇರುತ್ತಾರೆ. ಮೇಜಿನ ಮೇಲೆ ಟೈಪಾದ ರಾಜೀನಾಮೆ. "ಟರ್ಮಿನೇಟ್ ಆದರೆ ಬೆಂಗಳೂರಿನಲ್ಲಿ ಎಲ್ಲೂ ಕೆಲಸ ಸಿಗುವುದಿಲ್ಲ" ಎಂಬ ಮಾತು. ಒಂದು ಗಂಟೆಯೊಳಗೆ ತೀರ್ಮಾನಿಸಬೇಕೆಂಬ ಒತ್ತಡ.

ಒಂದು ಗಂಟೆಯೊಳಗೆ ತೀರ್ಮಾನಿಸಬೇಕೆಂಬ ಕಾನೂನು ಎಲ್ಲೂ ಇಲ್ಲ. "ಓದಿ, ಮನೆಯವರೊಡನೆ ಮಾತನಾಡಿ ನಾಳೆ ಉತ್ತರ ಕೊಡುತ್ತೇನೆ" ಎಂದು ಹೇಳಿ ಎದ್ದು ಬನ್ನಿ. ಫೋನು ಕೊಡಬೇಕಿಲ್ಲ. ಬಾಗಿಲು ತೆಗೆಯದಿದ್ದರೆ ಅದು ಪೊಲೀಸರಿಗೆ ಹೇಳಬೇಕಾದ ವಿಷಯ. ಹೊರಬಂದ ಕೂಡಲೇ ನಡೆದದ್ದನ್ನು ಮೇಲ್‌ನಲ್ಲಿ ಎಚ್‌ಆರ್‌ಗೆ ಬರೆದು ಕಳಿಸಿ. ಕಾರ್ಮಿಕ ಎಂಬ ವರ್ಗಕ್ಕೆ ಸೇರಿದವರು ಸ್ವಂತ ಇಚ್ಛೆಯಿಂದ ಬಿಟ್ಟೆ ಎಂದು ಬರೆದುಕೊಟ್ಟರೆ, ಒಂದು ವರ್ಷಕ್ಕಿಂತ ಹೆಚ್ಚು ಸೇವೆ ಸಲ್ಲಿಸಿ ಹೆಚ್ಚುವರಿ ಎಂದು ತೆಗೆಯಲ್ಪಟ್ಟಾಗ ಸಿಗುವ ಪರಿಹಾರ, ಅಂದರೆ ಪ್ರತಿ ವರ್ಷದ ಸೇವೆಗೆ 15 ದಿನದ ಸಂಬಳ, ತಮ್ಮ ಕೈಯಿಂದಲೇ ಹೋಗುತ್ತದೆ.

ಸಹಿ ಹಾಕಿಬಿಟ್ಟಿದ್ದರೂ ಎಲ್ಲವೂ ಮುಗಿದಿಲ್ಲ. ಬೆಂಗಳೂರಿನದೇ ಬಿಇಎಂಎಲ್ ಸಂಸ್ಥೆಯ ಹಿರಿಯ ಅಧಿಕಾರಿಯೊಬ್ಬರು 1993ರ ಜನವರಿಯಲ್ಲಿ ರಾಜೀನಾಮೆ ಕೊಟ್ಟರು. ಅದೇ ದಿನ ಅಂಗೀಕಾರವೂ ಆಯಿತು. ಬಿಡುಗಡೆಯಾಗುವ ದಿನಕ್ಕೆ ಮುಂಚೆಯೇ ಅವರು ಅದನ್ನು ಹಿಂತೆಗೆದುಕೊಂಡರು. ಹಾಗೆ ಹಿಂತೆಗೆದುಕೊಳ್ಳಲು ಅವರಿಗೆ ಹಕ್ಕಿತ್ತು ಎಂದು 2005ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನೋಟಿಸ್ ಅವಧಿ ಇನ್ನೂ ಉಳಿದಿದ್ದರೆ, ಒತ್ತಡದಿಂದ ಕೊಟ್ಟದ್ದು ಎಂದು ಬರೆದು ಇಂದೇ ಹಿಂತೆಗೆದುಕೊಳ್ಳಿ. ಹನ್ನೆರಡು ವರ್ಷ ಹಿಡಿಯಿತಲ್ಲ ಎಂದು ಕೇಳಿದರೆ, ಹೌದು, ಹಿಡಿಯಿತು. ಅದಕ್ಕೇ ಮೊದಲ ದಿನ ಸಹಿ ಹಾಕಬೇಡಿ ಎಂದು ಇಷ್ಟು ಒತ್ತಿ ಹೇಳುತ್ತಿರುವುದು.

ಬಿಟ್ಟ ಮೇಲೆ ಬಾಕಿ ಸಂಬಳ ತಡೆಹಿಡಿದರೆ?

ವೇತನ ಸಂಹಿತೆಯ ಪ್ರಕಾರ, ತೆಗೆದರೂ ನೀವೇ ಬಿಟ್ಟರೂ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಗ್ರಾಚ್ಯುಟಿಗೆ 30 ದಿನ. ಲಿಖಿತವಾಗಿ ಕೇಳಿ, ಬಾರದಿದ್ದರೆ ಕಾರ್ಮಿಕ ಇಲಾಖೆಗೆ ಹೋಗಿ.

## ಕಾನೂನಿನ ಪ್ರಶ್ನೆಗಳು

ಕಾನೂನು ನನ್ನಂಥವರನ್ನು ಕಾಪಾಡುತ್ತದೆಯೇ?

ನೀವು ಯಾವ ಸಾಲಿನಲ್ಲಿ ನಿಂತಿದ್ದೀರಿ ಎಂಬುದರ ಮೇಲೆ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಕೈಕೆಲಸ, ಕುಶಲ, ತಾಂತ್ರಿಕ, ಗುಮಾಸ್ತಿಕೆ ಕೆಲಸದವರು ಅಲ್ಲಿ "ಕಾರ್ಮಿಕ" ಎಂಬ ವರ್ಗಕ್ಕೆ ಬರುತ್ತಾರೆ. ವ್ಯವಸ್ಥಾಪಕ ಹುದ್ದೆಯವರು, ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಪಡೆಯುವ ಮೇಲ್ವಿಚಾರಕರು ಬರುವುದಿಲ್ಲ. ಹುದ್ದೆಯ ಹೆಸರನ್ನು ನೋಡಿ ಕೈಚೆಲ್ಲಬೇಡಿ. "ಲೀಡ್" ಎಂಬ ಪಟ್ಟವಿದ್ದರೂ ದಿನವಿಡೀ ಕೋಡ್ ಬರೆಯುವವರ ಕೆಲಸ ತಾಂತ್ರಿಕವೇ, ನ್ಯಾಯಾಲಯ ನೋಡುವುದು ನಿಜವಾಗಿ ಮಾಡುವ ಕೆಲಸವನ್ನು.

ಇಪ್ಪತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕುಂದುಕೊರತೆ ನಿವಾರಣಾ ಸಮಿತಿ ಇರಲೇಬೇಕು. ಅದರಲ್ಲಿ ಮಾಲೀಕರ ಕಡೆಯವರೂ ಕಾರ್ಮಿಕರ ಕಡೆಯವರೂ ಸಮ ಸಂಖ್ಯೆಯಲ್ಲಿರಬೇಕು, 30 ದಿನದಲ್ಲಿ ತೀರ್ಮಾನ ಹೇಳಬೇಕು. ನಿಮ್ಮಲ್ಲಿ ಅದು ಇದೆಯೇ ಎಂದು ಲಿಖಿತವಾಗಿ ಕೇಳುವುದೇ ಒಳ್ಳೆಯ ಮೊದಲ ಹೆಜ್ಜೆ. ಕೆಲಸದಿಂದ ತೆಗೆದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ರಾಜಿ ಅಧಿಕಾರಿಗೆ ಅರ್ಜಿ ಕೊಡಬಹುದು. 45 ದಿನ ಕಳೆದರೂ ಬಗೆಹರಿಯದಿದ್ದರೆ ನೇರವಾಗಿ ನ್ಯಾಯಮಂಡಳಿಗೆ ಹೋಗಬಹುದು. ತೆಗೆದ ದಿನದಿಂದ ಎರಡು ವರ್ಷ ದಾಟಿಸಬೇಡಿ.

ಜೀವಕ್ಕೆ ಅಪಾಯವಿರುವ ವಿಷಯದಲ್ಲಿ ಕಾನೂನು ಇನ್ನೂ ಸ್ಪಷ್ಟವಾಗಿದೆ. ಗಂಭೀರ ಗಾಯ ಅಥವಾ ಸಾವು ಸಂಭವಿಸಬಹುದೆಂಬ ಸಕಾರಣ ಭಯವಿದ್ದರೆ ಮಾಲೀಕರಿಗೂ ಜೊತೆಯಲ್ಲೇ ನಿರೀಕ್ಷಕರಿಗೂ ತಿಳಿಸುವ ಹಕ್ಕು ನೌಕರರಿಗಿದೆ.

ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಕಲಂ ಹೆಚ್ಚಿನವರಿಗೆ ಗೊತ್ತಿಲ್ಲ. ಆರು ತಿಂಗಳು ಸತತವಾಗಿ ಕೆಲಸ ಮಾಡಿದವರನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಸಂಬಳವಿಲ್ಲದೆ ತೆಗೆಯುವಂತಿಲ್ಲ ಎನ್ನುತ್ತದೆ ಅದು. ಕೆಲಸದ ಷರತ್ತುಗಳನ್ನು ಬರೆದು ನಿಗದಿಪಡಿಸಬೇಕು ಎನ್ನುತ್ತಿದ್ದ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ ಕಂಪನಿಗಳಿಗೆ ಕೊಟ್ಟ ವಿನಾಯಿತಿಯನ್ನು ರಾಜ್ಯ ಸರ್ಕಾರ 2024ರಲ್ಲಿ ಐದು ವರ್ಷ ವಿಸ್ತರಿಸಿದಾಗಲೂ ಕುಂದುಕೊರತೆ ಸಮಿತಿ ಇರಬೇಕು, ಅಮಾನತು ಮತ್ತು ವಜಾದಂಥ ಕ್ರಮಗಳನ್ನು ಕಾರ್ಮಿಕ ಇಲಾಖೆಗೆ ತಿಳಿಸಬೇಕು ಎಂಬ ಷರತ್ತುಗಳಿದ್ದವು. ರಾಜ್ಯ ಪಠ್ಯಕ್ರಮದ ಖಾಸಗಿ ಶಾಲೆಯ ಶಿಕ್ಷಕರು ವಜಾ ಆದೇಶದ ವಿರುದ್ಧ ಕರ್ನಾಟಕ ಶಿಕ್ಷಣ ಕಾಯ್ದೆಯಡಿ ಮೂರು ತಿಂಗಳೊಳಗೆ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು.

ನಿಜವಾದ ಮ್ಯಾನೇಜರ್‌ಗಳಿಗೆ ಮಾತ್ರ ರಕ್ಷಣೆ ತೆಳು. ಅವರ ಪಾಲಿಗೆ ಒಪ್ಪಂದವೇ ಕಾನೂನು. ಗೆದ್ದರೂ ಸಿಗುವುದು ಸಾಮಾನ್ಯವಾಗಿ ನೋಟಿಸ್ ಅವಧಿಯ ಹಣ, ಹುದ್ದೆಯಲ್ಲ. ವಕೀಲರ ಖರ್ಚಿಗೆ ಹೆದರುವ ಹೆಂಗಸರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕೈಗಾರಿಕಾ ಕಾರ್ಮಿಕರು 15100ಕ್ಕೆ ಕರೆ ಮಾಡಿ ಉಚಿತ ಕಾನೂನು ನೆರವು ಕೇಳಬಹುದು.

ಮೇಲಧಿಕಾರಿ ಮೈಮೇಲೆ ಬೀಳುವ ಹಾಗೆ ವರ್ತಿಸುತ್ತಾನೆ. ಇದಕ್ಕೂ ಮೊದಲು ಅವನಿಗೇ ಹೇಳಬೇಕೇ?

ಬೇಡ. ಈ ವಿಷಯಕ್ಕೆ ಮೇಲಿನ ಸಲಹೆ ಯಾವುದೂ ಅನ್ವಯಿಸುವುದಿಲ್ಲ. ಕೆಲಸದ ಜಾಗದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಹತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಆಂತರಿಕ ಸಮಿತಿ ಇರಬೇಕು, ಹೆಂಗಸೇ ಅಧ್ಯಕ್ಷರಾಗಿರಬೇಕು. ನೇರವಾಗಿ ಅಲ್ಲಿಗೆ ಬರೆಯಿರಿ. ಚಿಕ್ಕ ಸಂಸ್ಥೆಯಾದರೆ ಅಥವಾ ದೂರು ಮಾಲೀಕರ ಮೇಲೆಯೇ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಬರೆಯಬೇಕು. ಘಟನೆಯಾದ ಮೂರು ತಿಂಗಳೊಳಗೆ ದೂರು ಕೊಡಬೇಕು. ಸಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ವಿಚಾರಣೆಗೆ 90 ದಿನ. ಅಷ್ಟರವರೆಗೆ ನಿಮ್ಮನ್ನೋ ಅವನನ್ನೋ ಬೇರೆ ಕಡೆ ಹಾಕುವಂತೆ, ಇಲ್ಲವೇ ಮೂರು ತಿಂಗಳವರೆಗೆ ರಜೆ ಕೊಡುವಂತೆ ಕೇಳಬಹುದು. ಬಹಳ ಹೆಣ್ಣುಮಕ್ಕಳು ಹೆದರುವುದು "ಸಾಬೀತಾಗದಿದ್ದರೆ ನನ್ನ ಮೇಲೆಯೇ ಕ್ರಮ" ಎಂಬುದಕ್ಕೆ. ಸಾಬೀತು ಮಾಡಲಾಗಲಿಲ್ಲ ಎಂಬ ಒಂದೇ ಕಾರಣಕ್ಕೆ ದೂರು ಸುಳ್ಳೆನಿಸುವುದಿಲ್ಲ ಎಂದು ಕಾಯ್ದೆಯೇ ಬರೆದಿದೆ.

ನಾವು ಡೆಲಿವರಿ ಮಾಡುವವರು. ನಮಗೆ ಮ್ಯಾನೇಜರೇ ಇಲ್ಲ, ದೂರಿದರೆ ಐಡಿ ಬ್ಲಾಕ್ ಆಗುತ್ತದೆ.

2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರಿಗಾಗಿ, ಅಂದರೆ ನಿಮ್ಮಂತೆ ಆ್ಯಪ್ ಮೂಲಕ ದುಡಿಯುವವರಿಗಾಗಿ, ತನ್ನದೇ ಕಾಯ್ದೆ ತಂದಿತು. ಕಾರಣವನ್ನು ಲಿಖಿತವಾಗಿ ಕೊಡದೆ, 14 ದಿನದ ನೋಟಿಸ್ ಇಲ್ಲದೆ ಕೆಲಸದಿಂದ ಕೈಬಿಡುವಂತಿಲ್ಲ ಎಂದು ಅದು ಹೇಳುತ್ತದೆ. ಐಡಿ ಬ್ಲಾಕ್ ಆದ ಪರದೆಯ ಚಿತ್ರ, ಹಿಂದಿನ ರೇಟಿಂಗ್, ದೂರಿನ ಸಂಖ್ಯೆ ತೆಗೆದಿಟ್ಟುಕೊಳ್ಳಿ. ಬ್ಲಾಕ್ ಆದ ಮೇಲೆ ಆ್ಯಪ್‌ನಲ್ಲಿ ಏನೂ ಕಾಣುವುದಿಲ್ಲ, ಆದ್ದರಿಂದ ವಾರಕ್ಕೊಮ್ಮೆ ಚಿತ್ರ ತೆಗೆಯುವ ಅಭ್ಯಾಸವಿರಲಿ.

ಕಂಪನಿಯಲ್ಲೇ ವಂಚನೆ ನಡೆಯುತ್ತಿದೆ. ಅಕ್ರಮ ಬಯಲಿಗೆಳೆಯುವ ವಿಸಿಲ್‌ಬ್ಲೋವರ್‌ಗಳಿಗೆ ಕಾನೂನಿದೆಯಲ್ಲ?

ಇದೆ, ಆದರೆ ನೀವು ನೆಚ್ಚಿಕೊಂಡಿರುವ ಜಾಗದಲ್ಲಿ ಇಲ್ಲ. 2003ರ ನವೆಂಬರ್‌ನಲ್ಲಿ ಹೆದ್ದಾರಿ ಕಾಮಗಾರಿಯ ಅಕ್ರಮ ಕುರಿತು ಪ್ರಧಾನಿ ಕಚೇರಿಗೆ ಬರೆದಿದ್ದ ಎಂಜಿನಿಯರ್ ಸತ್ಯೇಂದ್ರ ದುಬೆ ಗಯಾದಲ್ಲಿ ಕೊಲೆಯಾದರು. ಹೆಸರು ಗುಟ್ಟಾಗಿಡಿ ಎಂದು ಅವರು ಕೇಳಿಕೊಂಡಿದ್ದರು. 2005ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಲಖಿಂಪುರ ಖೇರಿಯಲ್ಲಿ ಕಲಬೆರಕೆ ಪೆಟ್ರೋಲ್ ಬಂಕ್ ವಿರುದ್ಧ ನಿಂತ ಇಂಡಿಯನ್ ಆಯಿಲ್ ಅಧಿಕಾರಿ ಮಂಜುನಾಥ್ ಷಣ್ಮುಗಂ ನಮ್ಮ ಕೋಲಾರ ಚಿನ್ನದ ಗಣಿಯ ಹುಡುಗ, ಮೈಸೂರಿನ ಎಸ್‌ಜೆಸಿಇ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರು. ಗುಂಡೇಟಿಗೆ ಬಲಿಯಾದಾಗ ಅವರಿಗೆ 27 ವರ್ಷ. ಇವರನ್ನು ನೆನೆಯದೆ ಈ ಪ್ರಶ್ನೆಗೆ ಉತ್ತರ ಬರೆಯಲು ನನ್ನಿಂದಾಗದು.

2014ರಲ್ಲಿ ಮಾಹಿತಿದಾರರ ರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದರೂ ಅದನ್ನು ಜಾರಿಗೆ ತಂದಿಲ್ಲ. ಜಾರಿಯಾದರೂ ಅದು ಸರ್ಕಾರಿ ನೌಕರರ ಭ್ರಷ್ಟಾಚಾರಕ್ಕೆ ಸಂಬಂಧಿಸಿದ್ದು. ಕೇಂದ್ರ ಸರ್ಕಾರದ ಸಂಸ್ಥೆಗಳ ವಿಷಯದಲ್ಲಿ 2004ರ ನಿರ್ಣಯದಂತೆ ಕೇಂದ್ರ ಜಾಗೃತ ಆಯೋಗಕ್ಕೆ ಮುಚ್ಚಿದ ಲಕೋಟೆಯಲ್ಲಿ ಬರೆಯಬಹುದು. ಆಯೋಗ ಹೆಸರನ್ನು ಗೋಪ್ಯವಾಗಿಡುತ್ತದೆ, ಹೆಸರಿಲ್ಲದ ದೂರನ್ನು ಮಾತ್ರ ತೆಗೆದುಕೊಳ್ಳುವುದಿಲ್ಲ. ರಾಜ್ಯ ಸರ್ಕಾರದ ಕಚೇರಿಯಾದರೆ ಲೋಕಾಯುಕ್ತ.

ಖಾಸಗಿಯವರಿಗೆ ಇರುವುದು 2013ರ ಕಂಪನಿ ಕಾಯ್ದೆಯ 177ನೇ ಕಲಂ. ಷೇರುಪೇಟೆಯಲ್ಲಿರುವ ಕಂಪನಿಗಳು, ಸಾರ್ವಜನಿಕರಿಂದ ಠೇವಣಿ ಪಡೆಯುವವು ಮತ್ತು ಬ್ಯಾಂಕುಗಳಿಂದ 50 ಕೋಟಿ ರೂಪಾಯಿಗಿಂತ ಹೆಚ್ಚು ಸಾಲ ಪಡೆದವು ದೂರು ಕೇಳುವ ಜಾಗೃತ ವ್ಯವಸ್ಥೆ ಇಟ್ಟಿರಬೇಕು. ಅಸಾಧಾರಣ ಸಂದರ್ಭದಲ್ಲಿ ಲೆಕ್ಕಪರಿಶೋಧನಾ ಸಮಿತಿಯ ಅಧ್ಯಕ್ಷರಿಗೆ ನೇರವಾಗಿ ಬರೆಯಲು ಅವಕಾಶವಿರಬೇಕು. ನಿಮ್ಮ ಮ್ಯಾನೇಜರಿನ ತಲೆಯ ಮೇಲಿಂದ ಹೋಗಲು ಕಾನೂನೇ ತೆರೆದಿಟ್ಟ ಬಾಗಿಲು ಅದು. ಆ ಬಾಗಿಲನ್ನು ಬಳಸುವ ಮುನ್ನ ವಕೀಲರೊಬ್ಬರಿಗೆ ಕಾಗದ ತೋರಿಸಿ. ಈ ಒಂದು ವಿಷಯದಲ್ಲಿ ಸ್ನೇಹಿತರ ಸಲಹೆ ಸಾಲದು.

ಯಾರೂ ಕೇಳುತ್ತಿಲ್ಲ. ಫೇಸ್‌ಬುಕ್‌ಗೆ ಹಾಕಿಬಿಡಲೇ?

ಹೆಸರು ಹೇಳಿ ಹಾಕಿದರೆ ಮಾನಹಾನಿಯ ಮೊಕದ್ದಮೆಗೆ ನೀವೇ ದಾರಿ ಮಾಡಿಕೊಟ್ಟಂತೆ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಅಡಿ ಅದು ಅಪರಾಧ. ಅದೇ ಆರೋಪವನ್ನು ಸದುದ್ದೇಶದಿಂದ, ಆ ವಿಷಯದಲ್ಲಿ ಅಧಿಕಾರವಿರುವವರಿಗೆ ಬರೆದರೆ ಅದೇ ಕಲಂ ರಕ್ಷಣೆ ಕೊಡುತ್ತದೆ. ಕಾರ್ಮಿಕ ಅಧಿಕಾರಿಗೆ ಬರೆದ ಪತ್ರಕ್ಕೂ ಗೋಡೆಗೆ ಅಂಟಿಸಿದ ಪತ್ರಕ್ಕೂ ಇರುವ ಅಂತರ ಇದು.

ಈಗ ನಾನೇ ಮ್ಯಾನೇಜರ್. ನನ್ನ ತಂಡದವರು ನನಗೆ ಏನನ್ನೂ ಹೇಳುವುದಿಲ್ಲ. ಏನು ಮಾಡಲಿ?

ಈ ಪ್ರಶ್ನೆ ಅಪರೂಪಕ್ಕೆ ಬರುತ್ತದೆ, ಬಂದಾಗ ನನಗೆ ಬಹಳ ಸಂತೋಷವಾಗುತ್ತದೆ. "ನನ್ನ ಬಾಗಿಲು ಸದಾ ತೆರೆದಿದೆ" ಎಂದು ಹೇಳುವುದರಿಂದ ಏನೂ ಆಗುವುದಿಲ್ಲ. ಹಿಂದೆ ಹೇಳಿದವರಿಗೆ ಏನಾಯಿತು ಎಂಬುದನ್ನು ನಿಮ್ಮ ತಂಡ ನೋಡಿಟ್ಟುಕೊಂಡಿದೆ. ಕಳೆದ ಬಾರಿ ನಿಮಗೆ ಎದುರು ಹೇಳಿದವರ ರೇಟಿಂಗ್ ತೆಗೆದು ನೋಡಿ. ಅದು ಇಳಿದಿದ್ದರೆ, ಕಾರಣ ಬೇರೆಯೇ ಇದ್ದರೂ, ತಂಡ ಓದಿಕೊಂಡಿರುವುದು ಒಂದೇ ರೀತಿ.

ಕೆಟ್ಟ ಸುದ್ದಿ ತಂದವರಿಗೆ ಮೊದಲ ಉತ್ತರವಾಗಿ ಕಾರಣ ಕೊಡಬೇಡಿ, ಪ್ರಶ್ನೆ ಕೇಳಿ. ನಿಮ್ಮಿಂದ ಆಗದ್ದಾದರೆ ಆಗದು ಎಂದು ಎರಡು ದಿನದೊಳಗೆ ಹೇಳಿ. ಜನ ಇಲ್ಲ ಎಂಬ ಉತ್ತರವನ್ನು ತಡೆದುಕೊಳ್ಳುತ್ತಾರೆ, ಉತ್ತರವೇ ಬಾರದಿರುವುದನ್ನು ತಡೆಯುವುದಿಲ್ಲ. ಅವರು ಹೇಳಿದ್ದರಿಂದ ಏನಾದರೂ ಬದಲಾದರೆ ಅದು ಯಾರ ಮಾತಿನಿಂದ ಬದಲಾಯಿತು ಎಂಬುದನ್ನು, ಅವರನ್ನು ಕೇಳಿಕೊಂಡು, ಎಲ್ಲರೆದುರು ಹೇಳಿ. ಇನ್ನು ಅಪ್ರೈಸಲ್ ತಿಂಗಳು ಬಂದಾಗ, ನಿಮಗೆ ಎದುರು ಹೇಳಿದವರ ರೇಟಿಂಗನ್ನು ನೀವೊಬ್ಬರೇ ಬರೆಯಬೇಡಿ. ಆ ಜಗಳದ ಪರಿಚಯವಿಲ್ಲದ ಇನ್ನೊಬ್ಬ ಮ್ಯಾನೇಜರಿಗೆ ಅವರ ಕೆಲಸ ತೋರಿಸಿ, ಅವರ ಅಂಕವನ್ನೂ ನಿಮ್ಮ ಅಂಕದ ಪಕ್ಕದಲ್ಲಿ ಬರೆಸಿ.